ಬಾವನ ಎಚ್ ಅಕ್ಷರ

ಬಾವ,

ಆಫೀಸಿನಿಂದ, ನಿಮ್ಮ ನಕ್ಷೆಗಳನ್ನು ಇಡಲೆಂದು ನಾನು ಸಂಜೆ ಕ್ಲಾಸಿನಲ್ಲಿ ಕಲಿತು ಮನೆಯಲ್ಲಿ ಕಟ್ಟಿಟ್ಟ ಸರ್ವರ್‌ಗೆ ಲಾಗಿನ್ ಆಗಲು ನಿಮಗೆ ಯಾಕೆ ಆಗುತ್ತಿಲ್ಲ ಎಂದು ಗೊತ್ತಾಯಿತು. ನಿನ್ನೆ ನೆಂಟರೆದುರು "ಇವಳ ಸಂಜೆ ಕ್ಲಾಸಿನ ಡಬ್ಬ ಕೆಟ್ಟು ಕೂತಿದೆ, ಭಾನುವಾರ ಗುಜರಿಗೆ ಹಾಕ್ತೀನಿ" ಅಂದಿರಲ್ಲ, ಆಮೇಲೆ ನನಗೂ ಅನುಮಾನ ಹತ್ತಿತು. ರೂಟರ್ ನೋಡಿದೆ, ವೈರು ಬಿಚ್ಚಿ ಮತ್ತೆ ಹಾಕಿದೆ, ಬೀದಿಯಲ್ಲಿ ನಿಂತು ಮೊಬೈಲಿನಿಂದ ಲಾಗಿನ್ ಆದೆ. ಸಲೀಸಾಗಿ ಆಯಿತು.

ಕೊನೆಗೆ ಡಬ್ಬ ಬರೆದಿಟ್ಟುಕೊಂಡ ಪಟ್ಟಿಯಲ್ಲಿ ನೀವು ಒತ್ತಿದ ಹೆಸರು ನೋಡಿದೆ. ನಿಮ್ಮ ಲಾಗಿನ್ ಹೆಸರು ಅಂತ ಇಂಗ್ಲಿಷ್ ಅಕ್ಷರದಲ್ಲಿ ನಾನು ಇಟ್ಟಿದ್ದು ಬಾವ. ನೀವು ಪ್ರತಿ ಸಲವೂ ಬಿ ಆದಮೇಲೆ ಒಂದು ಎಚ್ ಸೇರಿಸಿ ಭಾವ ಮಾಡಿದ್ದೀರಿ. ನನ್ನ ಬಾವನಲ್ಲಿ ಗೌರವ ಸಾಲಲಿಲ್ಲವೇನೋ. ಸರ್ವರ್‌ಗೆ ಅಂಥ ಮನುಷ್ಯನ ಗುರುತಿಲ್ಲ. ಯಾರೋ ಕಳ್ಳ ಎಂದುಕೊಂಡು ನಿಮ್ಮ ಆಫೀಸಿಗೇ ಬಾಗಿಲು ಹಾಕಿದೆ.

ಆ ಎಚ್ ಸೇರಿಸಿ ಬಾಗಿಲು ತೆಗೆಯುವುದು ನನಗೆ ಚಿಟಿಕೆ ಹೊಡೆದಷ್ಟು ಸುಲಭ. ಸೇರಿಸುವುದಿಲ್ಲ.

ಗಿರಾಕಿಗೆ ಇವತ್ತೇ ನಕ್ಷೆ ಕಳಿಸಬೇಕಲ್ಲ, ಮೆಟ್ಟಿಲ ಕೆಳಗೆ ಹೋಗಿ ಡಬ್ಬದಿಂದಲೇ ತೆಗೆದುಕೊಳ್ಳಿ. ಕೀಬೋರ್ಡಿನ ವೈರು ಗಿಡ್ಡ, ನೆಲದ ಮೇಲೇ ಕೂರಬೇಕು. ಒಳ್ಳೆ ಪ್ಯಾಂಟು ಹಾಕಬೇಡಿ, ಏಳುವಾಗ ತಲೆ ಜೋಪಾನ.

ಪಾಸ್‌ವರ್ಡ್ ಬದಲಿಸಿ ಅಕ್ಕನಿಗೆ ಕೊಟ್ಟಿದ್ದೇನೆ. "ಡಬ್ಬ ಕೆಟ್ಟಿರಲಿಲ್ಲ ಅಂತ ಅವರ ಬಾಯಿಂದಾನೇ ಬರ್ಲಿ, ಆಮೇಲೆ ಕೊಡ್ತೀನಿ" ಅಂದಳು. ಅದೂ ನೆಂಟರೆಲ್ಲ ತಿಂಡಿಗೆ ಕೂತಿರುವಾಗಲೇ ಹೇಳಬೇಕಂತೆ. ಷರತ್ತು ಅವಳದು. ನಾನು ಬೇಡ ಅನ್ನಲಿಲ್ಲ.