ಎರಡು ಊರಿನ ಬಸ್ಸು

ಸೆರ್ದೇರಾ, ಪೋರ್ಚುಗಲ್
18 ನವೆಂಬರ್ 2013

ಪ್ರೀತಿಯ ತಮ್ಮ ಅಬೀಲಿಯೊ,

ಸೊಂಟದ ನೋವು ಹೇಗಿದೆ? ಲಕ್ಸೆಂಬರ್ಗಿನ ಚಳಿಗೆ ಅದು ಹೆಚ್ಚಾಗುತ್ತದೆಂದು ಗೊತ್ತಿದ್ದೂ ನೀನು ಉಣ್ಣೆಯ ಪಟ್ಟಿ ಸುತ್ತಿಕೊಳ್ಳುವವನಲ್ಲ. ಒಬ್ಬನೇ ಇದ್ದೀಯೆಂದು ಡಬ್ಬಿ ಮೀನಿನಲ್ಲೇ ದಿನ ದೂಡಬೇಡ, ಆಗಾಗ ಕೋಸಿನ ಸೂಪಾದರೂ ಮಾಡಿಕೋ. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತು ಕೇಳುವುದಿಲ್ಲ, ಬಾಯಿ ಮಾತ್ರ ಮೊದಲಿನ ಹಾಗೆಯೇ ಇದೆ. ಅದರ ಬಲದಿಂದಲೇ ಸೆಪ್ಟೆಂಬರಿನ ಚುನಾವಣೆಯಲ್ಲಿ ಗೆದ್ದು ಪಂಚಾಯತಿ ಅಧ್ಯಕ್ಷೆಯಾಗಿದ್ದೇನೆ. ನಗಬೇಡ.

ಆಗಸ್ಟಿನಲ್ಲಿ ಬಂದಾಗ ನೀನು "ದೇಶ ಮುಳುಗೋಯ್ತು ಅಕ್ಕಾ, ಮನೆ ಮಾರಿ ನನ್ನ ಹತ್ರ ಬಂದ್ಬಿಡು" ಎಂದಿದ್ದೆ. ಮುಳುಗಿದ್ದು ನಿಜ. ಲಿಸ್ಬನ್ನಿನವರು ಹೊರಗಿನಿಂದ ಸಾಲ ತಂದರು, ಕೊಟ್ಟವರು ಖರ್ಚು ಇಳಿಸಿ ಎಂದು ತಲೆಯ ಮೇಲೆ ಕೂತರು, ಕತ್ತರಿ ಬಂದು ಬಿದ್ದದ್ದು ನಮ್ಮ ಬೆಟ್ಟದ ಮೇಲೆ. ಪಿಂಚಣಿ ಇಳಿಯಿತು, ಪೇಟೆಗೆ ಹೋಗುತ್ತಿದ್ದ ಬಸ್ಸು ನಿಂತಿತು. ಅದೂ ಸಾಲದೆಂದು ಉಳಿತಾಯದ ಹೆಸರಿನಲ್ಲಿ ನಮ್ಮೂರನ್ನೂ ಮೊಗಾದಾವನ್ನೂ ಸೇರಿಸಿ ಒಂದೇ ಪಂಚಾಯತಿ ಮಾಡಿದರು. ಮೊಗಾದಾ ಜೊತೆ! ಹಳ್ಳದ ನೀರಿಗಾಗಿ ಅಜ್ಜನ ಕಾಲದಿಂದ ನಮ್ಮ ಮೇಲೆ ಗುದ್ದಲಿ ಎತ್ತಿಕೊಂಡು ಬಂದವರ ಜೊತೆ!

ಮೊದಲ ಸಭೆ ನಮ್ಮೂರಿನ ಮುಚ್ಚಿದ ಶಾಲೆಯಲ್ಲಿ ನಡೆಯಿತು. ಪಂಚಾಯತಿಯ ಹೊಸ ಫಲಕದಲ್ಲಿ ಯಾವ ಊರಿನ ಹೆಸರು ಮೊದಲು ಬರಬೇಕು, ಚರ್ಚೆ ಅದೊಂದೇ. ಮೊಗಾದಾದ ಮೆಕ್ಯಾನಿಕ್ ಸೆರಾಫಿಂ, ಆ ದಪ್ಪ ಮೀಸೆಯವನು, ಮೇಜು ಗುದ್ದಿ "ನಮ್ಮೂರಲ್ಲಿ ಚರ್ಚು ಕಟ್ಟಿದಾಗ ನಿಮ್ಮೂರಲ್ಲಿ ಕುರಿಗಳೂ ಇರ್ಲಿಲ್ಲ" ಎಂದ. ನಾನು ಬಿಡುತ್ತೇನೆಯೇ? "ಕುರಿಗಳು ನಿಮ್ಮೂರಿಂದ್ಲೇ ಬರ್ಬೇಕಿತ್ತಲ್ಲ. ಇವತ್ತೂ ಬಂದಿವೆ, ನೋಡ್ತಿದ್ದೀನಲ್ಲ" ಎಂದೆ. ಕುರ್ಚಿಗಳು ಹಿಂದಕ್ಕೆ ಸರಿದವು, ಎಲ್ಲರೂ ಎದ್ದು ನಿಂತರು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮೊಗಾದಾದ ಫೆಲಿಸ್ಮಿನಾ ಅಜ್ಜಿ ಒಳಬಂದಳು. ಅವಳು ಪೇಟೆಯಲ್ಲಿ ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಳ್ಳುವ ದಿನವಂತೆ. ಬಸ್ಸಿಲ್ಲ, ನಮ್ಮೂರಲ್ಲಿ ಯಾರ ಕಾರಾದರೂ ಸಿಕ್ಕೀತೆಂದು ಕಾಡುದಾರಿಯಲ್ಲಿ ನಡೆದೇ ಬಂದಿದ್ದಾಳೆ. ಲಂಗದ ಅಂಚಿನ ತುಂಬ ಕೆಸರು, ಅಂಗೈ ತರಚಿದೆ, ಎಲ್ಲೋ ಬಿದ್ದಿದ್ದಾಳೆ. ನಮ್ಮ ಕೂಗಾಟವನ್ನು ಸ್ವಲ್ಪ ಹೊತ್ತು ಕೇಳಿ, "ಬೋರ್ಡ್ ಮೇಲೆ ಏನ್ ಬೇಕಾದ್ರೂ ಬರ್ಕೊಳ್ರಪ್ಪಾ, ನಂಗಂತೂ ಕಾಣ್ಸಲ್ಲ. ಕಾಣೋ ಹಾಗಾಗ್ಬೇಕು ಅಂದ್ರೆ ಯಾರು ನನ್ನ ಪೇಟೆಗೆ ಕರ್ಕೊಂಡ್ ಹೋಗ್ತೀರಿ, ಅದನ್ನ ಹೇಳಿ" ಎಂದಳು.

ಸೆರಾಫಿಂ ಜೇಬಿನಿಂದ ವ್ಯಾನಿನ ಕೀಲಿ ತೆಗೆದ, ನಾನೂ ಅವನ ಹಿಂದೆ ಹೊರಟೆ. ಬರುವಾಗ ಕಣ್ಣಿಗೆ ಪಟ್ಟಿ ಹಾಕಿಸಿಕೊಂಡ ಅಜ್ಜಿ ನಮ್ಮಿಬ್ಬರ ನಡುವೆ ಕೂತು ನಿದ್ದೆ ಹೋದಳು. ಅವಳ ತಲೆಯ ಮೇಲಿಂದಲೇ ಪಿಸುಗುಟ್ಟುತ್ತ ನಾವು ಬಸ್ಸಿನ ಮಾತಾಡಿದೆವು. ಪೇಟೆಯ ಅಗ್ನಿಶಾಮಕ ದಳದವರ ಹಿತ್ತಲಲ್ಲಿ ಹಳೆಯ ಸಣ್ಣ ಬಸ್ಸೊಂದು ತುಕ್ಕು ಹಿಡಿಯುತ್ತಿತ್ತು. ಹೋಗಿ ಕೇಳಿದೆ, ಅವರಿಗೆ ಜಾಗ ಖಾಲಿಯಾದರೆ ಸಾಕಾಗಿತ್ತು. ಸೆರಾಫಿಂ ಅದರ ಎಂಜಿನ್ನನ್ನು ಇಳಿಸಿ, ಬಿಚ್ಚಿ, ಮತ್ತೆ ಕೂರಿಸಿದ. ಸೀಟುಗಳನ್ನು ನಮ್ಮೂರಿನ ಹೆಂಗಸರು ಹೊಲಿದರು. ಬಸ್ಸು ಓಡಿಸುವ ಪರವಾನಗಿಗೆ ಹೋದರೆ ಪೇಟೆಯ ಕಚೇರಿಯ ಯುವಕ "ಡೀಸೆಲ್‌ಗೆ ದುಡ್ಡಿಲ್ಲ ಮೇಡಂ, ಖರ್ಚು ಮಾಡೋ ಹಾಗೇ ಇಲ್ಲ" ಎಂದು ರಾಗ ಎಳೆದ. "ದುಡ್ಡು ಯಾರು ಕೇಳಿದ್ರು ಮಗಾ? ಸಹಿ ಹಾಕು, ಅದಕ್ಕೇನೂ ಖರ್ಚಾಗಲ್ಲ" ಎಂದೆ. ಹಾಕಿದ.

ಡೀಸೆಲ್ಲಿನ ದಾರಿಯನ್ನೂ ಕಂಡುಕೊಂಡೆವು. ಈ ವರ್ಷ ಎರಡೂ ಊರಿನ ಚೆಸ್ಟ್‌ನಟ್ ಕಾಯಿಯನ್ನು ಒಟ್ಟಿಗೇ ರಾಶಿ ಹಾಕಿ ಮಾರಿದೆವು. ಪ್ರತಿ ವರ್ಷ ಅವರ ದರ ನಮಗೆ, ನಮ್ಮ ದರ ಅವರಿಗೆ ಹೇಳಿ ಆಟ ಆಡಿಸುತ್ತಿದ್ದ ವ್ಯಾಪಾರಿ ಈ ಸಲ ಕಣ್ಣು ಕಣ್ಣು ಬಿಟ್ಟ. ಹೆಚ್ಚಾಗಿ ಸಿಕ್ಕ ದುಡ್ಡನ್ನು ಡೀಸೆಲ್ಲಿಗೆ ಎತ್ತಿಟ್ಟೆವು. ಕಳೆದ ವಾರ ಸಂತ ಮಾರ್ತಿನ್ಯೊ ಹಬ್ಬಕ್ಕೆ ಎರಡೂ ಊರಿನವರು ಒಂದೇ ಬೆಂಕಿಯಲ್ಲಿ ಕಾಯಿ ಸುಟ್ಟು ಹೊಸ ವೈನ್ ಕುಡಿದೆವು. ಬಸ್ಸಿನ ಒಂದು ಮಗ್ಗುಲಿಗೆ ಸೆರ್ದೇರಾ, ಇನ್ನೊಂದಕ್ಕೆ ಮೊಗಾದಾ ಎಂದು ಬರೆಸಿದ್ದೇವೆ. ಬಾಗಿಲು ತಮ್ಮ ಕಡೆಗಿದೆ ಎಂದು ಅವರು ಬೀಗುತ್ತಾರೆ, ಸ್ಟಿಯರಿಂಗ್ ನಮ್ಮ ಕಡೆಗಿದೆ ಎಂದು ನಾವು.

ಲಿಸ್ಬನ್ನಿನ ಸಾಲ ಯಾವಾಗ ತೀರುತ್ತದೋ ದೇವರಿಗೇ ಗೊತ್ತು. ನಾನಂತೂ ಮನೆ ಮಾರುವುದಿಲ್ಲ.

ಸತ್ತವರ ಹಬ್ಬದಂದು ಅಮ್ಮನ ಸಮಾಧಿಗೆ ಸೇವಂತಿಗೆ ಇಟ್ಟು ನಿನ್ನ ಪರವಾಗಿಯೂ ಮೇಣದಬತ್ತಿ ಹಚ್ಚಿದೆ. ಮಾತೆ ಮರಿಯ ನಿನ್ನ ಸೊಂಟವನ್ನೂ ನಿನ್ನನ್ನೂ ಕಾಯಲಿ.

ನಿನ್ನ ಅಕ್ಕ,
ದೇವೊಲಿಂದಾ

ಮ.ಬಿ.: ಅಂಚೆಯವಳು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಹೇಳಿಬಿಡುತ್ತೇನೆ. ಬಸ್ಸಿಗೆ ಲೈಸೆನ್ಸ್ ಇರುವ ಡ್ರೈವರ್ ಇಲ್ಲ. ಇದ್ದ ಹುಡುಗರೆಲ್ಲ ಫ್ರಾನ್ಸಿಗೂ ಸ್ವಿಟ್ಜರ್ಲೆಂಡಿಗೂ ಹೋದರು. ಇಷ್ಟು ವರ್ಷ ಪರದೇಶದವರ ಬಸ್ಸು ಓಡಿಸಿದ ನಿನಗೆ ಡಿಸೆಂಬರಿಗೆ ನಿವೃತ್ತಿ. ಅವರು ಕೊಡುವ ಪಿಂಚಣಿ ಅಲ್ಲಿ ಬಾಡಿಗೆಗೇ ಸರಿಹೋಗುತ್ತದೆ, ಇಲ್ಲಿ ಅದರಲ್ಲಿ ನೀನು ದೊರೆ. ಸಭೆಯಲ್ಲಿ ನಿನ್ನ ಹೆಸರು ಹೇಳಿದೆ, ಮೊಗಾದಾದವರೂ ಕೈ ಎತ್ತಿದರು. ಜನವರಿ ಆರರ ಸೋಮವಾರ ಬಸ್ಸು ಹೊರಡುತ್ತದೆಂದು ಎರಡೂ ಊರಿನಲ್ಲಿ ಚೀಟಿ ಅಂಟಿಸಿಯಾಗಿದೆ. ಕೇಳದೆ ಮಾಡಿದೆನೆಂದು ಬೈಯುವುದಿದ್ದರೆ ಫೋನಿನಲ್ಲಿ ಬೇಡ, ಬಂದು ಬೈ.