ಬಲಗೈಗೆ ಬಿದ್ದ ಎಡದ ಗುರುತು

ಹಾಸ್ಟೆಲ್, ಮೂರನೆಯ ಮಹಡಿ
ಮಾರ್ಚ್ 8, ಶನಿವಾರ

ಪ್ರೀತಿಯ ಅಪ್ಪಾ,

ನಿಮ್ಮ ಮೊಣಕಾಲು ಹೇಗಿದೆ? ಕ್ರೇನಿನ ಏಣಿ ಹತ್ತುವಾಗ ನಾನು ಕಳಿಸಿದ ಪಟ್ಟಿ ಕಟ್ಟಿಕೊಳ್ಳುತ್ತೀರೋ, ಇಲ್ಲ ಅದಿನ್ನೂ ಪೆಟ್ಟಿಗೆಯಲ್ಲೇ ಇದೆಯೋ? ಸೇತುವೆ ಕೆಲಸ ಮುಗಿಯುವವರೆಗೆ ನಿಮಗೆ ರಜೆ ಇಲ್ಲವೆಂದು ಅಮ್ಮ ಹೇಳಿದಳು. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಊಟ ಸೇರುತ್ತಿದೆ, ಅಷ್ಟೆ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ಕಾಗದವನ್ನೇ ಮೂರು ಸಲ ಬರೆದು ಹರಿದಿದ್ದೇನೆ.

ಮಗಳ ಎಕ್ಸ್-ರೇ ತರಬೇತಿ ಮುಗಿಯಿತೆಂದು ನೀವು ಸೈಟಿನಲ್ಲೆಲ್ಲ ಡಂಗುರ ಸಾರಿದ್ದೀರಂತೆ. "ನನ್ನ ಕ್ಯಾಮೆರಾ ಹುಚ್ಚು ಅವಳಿಗೂ ಬಂದಿದೆ" ಅಂತ ಬೇರೆ. ಆ ಕ್ಯಾಮೆರಾ ಈಗಲೂ ಮನೆಯ ಬೀರುವಿನಲ್ಲಿದೆ. ತಮ್ಮ ಅದರ ಹತ್ತಿರವೂ ಸುಳಿಯುವುದಿಲ್ಲ. ಇರಲಿ. ಅಪ್ಪಾ, ತರಬೇತಿ ಮುಗಿದಿಲ್ಲ. ನಾನು ಒಬ್ಬಳೇ ಕೆಲಸ ಮಾಡಬಲ್ಲೆನೆಂದು ಉಸಿರು ಮೇಡಂ ನನ್ನ ಪುಸ್ತಕದಲ್ಲಿ ಸಹಿ ಹಾಕಬೇಕು, ಅದೊಂದು ಬಾಕಿ. ನನಗೆ ಕೆಲಸ ಕಲಿಸುವ ಹಿರಿಯ ಟೆಕ್ನಿಷಿಯನ್ ಅವರು. ದಿನವಿಡೀ "ಉಸಿರೆಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎನ್ನುವುದರಿಂದ ನಾವಿಟ್ಟ ಹೆಸರು. ಅವರಿಗೂ ಗೊತ್ತು, ಕೇಳಿ ನಗುತ್ತಾರೆ.

ಮಂಗಳವಾರ ಒಬ್ಬ ಬಡಗಿ ಬಂದಿದ್ದ. ಬಲಗೈ ಬಾತುಕೊಂಡಿತ್ತು. ಅಂಗೈ ಕೆಳಗೆ ಮಾಡಿ ಇಡಲು ಅವನಿಂದಾಗಲಿಲ್ಲ, ಅಂಗೈ ಮೇಲಿರುವಂತೆಯೇ ಚಿತ್ರ ತೆಗೆದೆ. ತೆಗೆಯುವ ಮುಂಚೆ ಕೈಯ ಪಕ್ಕದಲ್ಲಿ ಎಡವೋ ಬಲವೋ ತೋರಿಸುವ ಸೀಸದ ಅಕ್ಷರ ಇಡಬೇಕು. ಅವನ ನರಳಾಟ ಕೇಳಿ ಗಡಿಬಿಡಿಯಲ್ಲಿ ಮರೆತೇಬಿಟ್ಟೆ. ಕಂಪ್ಯೂಟರಿನಲ್ಲಿ ಆಮೇಲೆ ಸೇರಿಸೋಣವೆಂದು ನೋಡಿದರೆ, ಅಂಗೈ ಮೇಲಿದ್ದುದರಿಂದ ಹೆಬ್ಬೆರಳು ಆಚೆ ಬದಿಗೆ ಬಂದು, ಬಲಗೈ ಥೇಟ್ ಎಡಗೈಯಂತೆ ಕಂಡಿತು. 'ಎಡ' ಎಂದು ಗುರುತು ಹಾಕಿ ಡಾಕ್ಟರಿಗೆ ಕಳಿಸಿಯೂ ಬಿಟ್ಟೆ. ಊಟಕ್ಕೆ ಹೋಗಿ ನಲ್ಲಿಯ ಕೆಳಗೆ ಅಂಗೈ ಒಡ್ಡಿ, ಹೆಬ್ಬೆರಳು ಯಾವ ಕಡೆಗಿದೆಯೆಂದು ನೋಡಿದಾಗ ತಪ್ಪು ಹೊಳೆಯಿತು.

"ಸುಮ್ನಿರೇ, ಯಾರಾದ್ರೂ ನೋಡೋಕೆ ಮುಂಚೆ ಬದಲಾಯಿಸ್ಬಿಡು. ಸಹಿ ಬೀಳೋವರೆಗೆ ಬಾಯಿ ಮುಚ್ಕೊಂಡಿರು" ಎಂದಳು ನನ್ನ ಜೊತೆ ತರಬೇತಿಯಲ್ಲಿರುವವಳು. ಹಾಗೇ ಮಾಡೋಣ ಅಂತಲೂ ಅನಿಸಿತು, ಸುಳ್ಳೇಕೆ ಹೇಳಲಿ. ಮೇಡಂ ಕೋಣೆಯ ಮುಂದೆ ಎರಡು ಸಲ ಹೋಗಿ, ನೀರು ಕುಡಿಯುವ ನೆಪದಲ್ಲಿ ವಾಪಸು ಬಂದೆ. ಮೂರನೆಯ ಸಲ ಒಳಗೆ ಹೋಗಿ ಒಂದೇ ಉಸಿರಿಗೆ ಎಲ್ಲ ಹೇಳಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಫೋನೆತ್ತಿಕೊಂಡು ಡಾಕ್ಟರಿಗೆ, "ನಮ್ಮಿಂದ ಒಂದು ತಪ್ಪಾಗಿದೆ ಸಾರ್, ಆ ಬಡಗಿಯದು ಬಲಗೈ" ಎಂದರು. ನಮ್ಮಿಂದ! ತಪ್ಪು ಮಾಡಿದವಳು ನಾನು, ಅವರು ಆಗ ಎಕ್ಸ್-ರೇ ಕೋಣೆಯಲ್ಲೇ ಇರಲಿಲ್ಲ. ನನಗೆ ಅಳು ಬಂದುಬಿಟ್ಟಿತು.

ಆಮೇಲೆ ಕೂರಿಸಿಕೊಂಡು ಹೇಳಿದರು: "ನಾನು ಕಲಿಯೋವಾಗ ಮೇಲಿನವರು ಕೂಗಾಡೋರು. ಆ ಕೂಗಿಗೆ ಹೆದರಿ ಒಂದ್ಸಲ ಇಂಥದ್ದೇ ತಪ್ಪು ಮುಚ್ಚಿಟ್ಟೆ. ಪ್ರಜ್ಞೆ ಇಲ್ದೆ ಮಲಗಿದ್ದವರ ಸರಿಯಿದ್ದ ಕಾಲಿಗೆ ಪಟ್ಟಿ ಬಿತ್ತು. ಅದಕ್ಕೇ ನಾನು ಕೂಗಲ್ಲ. ಆದ್ರೆ ಸಹಿ ಈಗ್ಲೇ ಹಾಕಲ್ಲ. ಇನ್ನೆರಡು ವಾರ ನನ್ ಪಕ್ಕದಲ್ಲೇ ನಿಂತ್ಕೋ." ಬುಧವಾರದಿಂದ ಪಕ್ಕದಲ್ಲೇ ನಿಂತಿದ್ದೇನೆ. ಸಂದೇಹ ಬಂದದ್ದನ್ನೆಲ್ಲ ನಾಚಿಕೆ ಬಿಟ್ಟು ಕೇಳುತ್ತೇನೆ. ಇಪ್ಪತ್ತು ವರ್ಷದ ಅನುಭವ ಇರುವ ಅವರೂ ಅಕ್ಷರ ಇಟ್ಟ ಮೇಲೆ ನನ್ನತ್ತ ತಿರುಗಿ, "ನೋಡೇ, ಸರಿಯಾಗಿದ್ಯಾ?" ಎನ್ನುತ್ತಾರೆ.

ಇಷ್ಟಾದ ಮೇಲೆ ಮನಸ್ಸು ಹಗುರಾಗಬೇಕಿತ್ತಲ್ಲ? ಆಗಿಲ್ಲ. ಒಂದು ಹೇಳಿದ ಮೇಲೆ ಇನ್ನೊಂದು ಗಂಟಲಿಗೆ ಬಂದು ಕೂತಿದೆ. ಸೈಟಿನ ಅಡುಗೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳಿ, ಮರೆಯಬೇಡಿ.

ಇಂತಿ,
ನೀವು ಬಾಯಿಬಡುಕಿ ಎಂದು ಕರೆಯುವ
ನಿಮ್ಮ ಮಗಳು

ಮತ್ತೆ: ಟಪಾಲಿನವನು ಕೆಳಗೆ ಬಂದಿದ್ದಾನೆ, ಬೇಗ ಬರೆಯುತ್ತೇನೆ. ಅಜ್ಜಿಯ ಕೊನೆಯ ಫೋಟೋಗಳಿದ್ದ ರೀಲು ಬೆಳಕು ಬಿದ್ದು ಹಾಳಾಯಿತಲ್ಲ, ಆವತ್ತು ಕ್ಯಾಮೆರಾ ತೆರೆದದ್ದು ತಮ್ಮನಲ್ಲ ಅಪ್ಪಾ, ನಾನು. ನೀವು ಅವನಿಗೆ ಹೊಡೆಯುವಾಗ ಬಾಗಿಲ ಹಿಂದೆ ನಿಂತಿದ್ದೆ. ನಿಮ್ಮ ಕೂಗಿಗೆ ಹೆದರಿ ಹೊರಗೆ ಬರಲಿಲ್ಲ. ಅವನಿಗೆ ಗೊತ್ತಿತ್ತು, ಆದರೂ ನನ್ನ ಹೆಸರು ಹೇಳಲಿಲ್ಲ. ಮೊದಲು ಅವನಿಗೆ ಫೋನ್ ಮಾಡಿ. ನನ್ನನ್ನು ಬಯ್ಯುವುದು ಆಮೇಲೆ.