ಮೂರನೆಯ ಕೈ ನನ್ನದು

ಮಾನ್ಯ ಹಾಕಿ ಲೀಗ್ ಆಯುಕ್ತರೇ,

ಎರಡು ಸಾಲಿನ ಒಂದು ಪತ್ರ ಕೇಳಿ ತಮ್ಮ ಕಚೇರಿಗೆ ಮೂರು ಬಾರಿ ಬರೆದಿದ್ದೇನೆ. ಉತ್ತರ ಬರಲಿಲ್ಲ. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ತಾವು ಗೊತ್ತುಮಾಡಿರುವ ಕೊನೆಯ ದಿನ ಜನವರಿ ಹತ್ತು. ನಮ್ಮ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಹನ್ನೆರಡನೆಯ ತರಗತಿಯ ಗಣಿತ ಪರೀಕ್ಷೆ ನಡೆದದ್ದು ಜನವರಿ ಇಪ್ಪತ್ತೆರಡರಂದು. ಈ ಹನ್ನೆರಡು ದಿನಗಳ ಸಂದಿನಲ್ಲಿ ಒಬ್ಬ ಹುಡುಗನ ವರ್ಷ ಬಿದ್ದುಹೋಯಿತು. ಬೀಳಿಸಿದವರಲ್ಲಿ ನಾನೂ ಒಬ್ಬ.

ಹದಿನೈದರ ವಯಸ್ಸಿಗೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕಸ ಗುಡಿಸಲು ಸೇರಿದವನು ನಾನು. ಈಗ ಆ ಅಂಗಡಿ ನನ್ನದೇ. ಊರಿನ ಕಿರಿಯರ ಐಸ್ ಹಾಕಿ ತಂಡದ ಆಡಳಿತ ಮಂಡಳಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಚಳಿಗಾಲ ಬಂತೆಂದರೆ ಹೊರ ಊರಿನ ಆಟಗಾರನೊಬ್ಬ ನಮ್ಮ ಮನೆಯಲ್ಲೇ ಉಳಿದು, ಉಂಡು, ಶಾಲೆಗೆ ಹೋಗುತ್ತಾನೆ. ಈ ಸಲ ಬಂದವನು ರೆಮಿ ಶಾರ್ಟ್ರಾಂಡ್. ಹದಿನೇಳು ವರ್ಷ, ಸರೋವರದ ದಡದ ಮೀನುಗಾರರ ಮನೆಯವನು. ನಮ್ಮ ಮೊಮ್ಮಕ್ಕಳನ್ನು ನೋಡಿ ಅವನೂ ನನ್ನನ್ನು 'ದೀದೋ', ಅಂದರೆ ತಾತ, ಎಂದು ಕರೆಯತೊಡಗಿದ.

ಸೆಪ್ಟೆಂಬರಿನಲ್ಲಿ ತಮ್ಮ ಕಚೇರಿ ಒಂದು ಭಿತ್ತಿಪತ್ರ ಕಳಿಸಿತ್ತು: 'ಮೊದಲು ವಿದ್ಯಾರ್ಥಿ, ನಂತರ ಆಟಗಾರ.' ಅದನ್ನು ತಂಡ ಆಡುವ ರಿಂಕಿನ ಶೌಚಾಲಯದ ಬಾಗಿಲಿಗೆ ಅಂಟಿಸಿದೆವು. ಎಲ್ಲರೂ ನಿಂತು ಓದುವ ಜಾಗ ಅದೊಂದೇ. ಅದೇ ತಿಂಗಳು ರೆಮಿ ಗಣಿತದಲ್ಲಿ ನಲವತ್ತೊಂದು ಅಂಕ ತಂದ. ವಿದ್ಯುತ್ ಕಂಬದ ಕೆಲಸ ಕಲಿಸುವ ಕಾಲೇಜಿಗೆ ಸೇರುವುದು ಅವನ ಆಸೆ. ಗಣಿತ ಪಾಸಾಗದೆ ಅವರು ಬಾಗಿಲು ತೆರೆಯುವುದಿಲ್ಲ. ಹೀಗಾಗಿ ಅಡುಗೆಮನೆಯ ಮೇಜಿನಲ್ಲಿ ನನ್ನ ಪಾಠ ಶುರುವಾಯಿತು.

"ದೀದೋ, ನೀವು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟೋರು. ನಂಗೆ ಹೇಳಿಕೊಡ್ತೀರಾ?"

"ಬಿಟ್ಟಿದ್ದು ಶಾಲೇನ ಕಣೋ, ಲೆಕ್ಕಾನ ಅಲ್ಲ. ಬರಿ."

ಡಿಸೆಂಬರಿನಲ್ಲಿ ಅರವತ್ತೆಂಟು ಬಂತು. ಆ ಅಂಕಪಟ್ಟಿಯನ್ನು ಅಂಗಡಿಯ ಗಿರಾಕಿಗಳಿಗೆಲ್ಲ ತೋರಿಸಿದವನು ನಾನು.

ಜನವರಿ ಹತ್ತರ ಬೆಳಿಗ್ಗೆ ರಿಂಕಿನ ಮೇಲಿನ ಕೋಣೆಯಲ್ಲಿ ಮಂಡಳಿ ಸೇರಿತು. ಸಸ್ಕಾಚೆವಾನಿನ ತಂಡವೊಂದು ರೆಮಿಯನ್ನು ಕೇಳುತ್ತಿದೆ, ಬದಲಿಗೆ ಇಪ್ಪತ್ತು ವರ್ಷದ ರಕ್ಷಣಾ ಆಟಗಾರನನ್ನು ಕೊಡುತ್ತದೆ ಎಂದು ವ್ಯವಸ್ಥಾಪಕ ಡ್ವೇನ್ ವಿವರಿಸಿದ.

"ಅವನ ಅಗಲ ನೋಡ್ಬೇಕು ನೀವು. ಕೊಟ್ಟಿಗೆಗೆ ಬಾಗಿಲು ಬೇಡ, ಅವನನ್ನೇ ನಿಲ್ಲಿಸಬಹುದು."

"ರೆಮಿಗೆ ಪರೀಕ್ಷೆ ಇದೆಯಲ್ಲಪ್ಪ," ಎಂದೆ.

"ಅಲ್ಲೂ ಶಾಲೆ ಇರುತ್ತೆ, ಒರೆಸ್ಟ್. ಹುಡುಗನ್ನ ಕಾಡಲ್ಲೇನೂ ಬಿಡ್ತಿಲ್ಲ. ಈ ಸಲ ಕಪ್ ನಮ್ದೇ ಅಂತ ಊರೆಲ್ಲ ಹೇಳ್ಕೊಂಡು ಬಂದೋನು ನೀನೇ ತಾನೆ?"

ಐವರಲ್ಲಿ ಇಬ್ಬರು ಒಪ್ಪಿಗೆಯೆಂದು ಕೈ ಎತ್ತಿದರು, ಇಬ್ಬರು ಎತ್ತಲಿಲ್ಲ. ಎಲ್ಲರೂ ನನ್ನತ್ತ ನೋಡಿದರು. ಕೈ ತಾನಾಗಿ ಮೇಲೆ ಹೋಯಿತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಹಾಗೇನೂ ಆಗಿರಲಿಲ್ಲ. ನಾನೇ ಎತ್ತಿದ್ದೆ.

"ನಾಲ್ಕು ಗಂಟೆಗೆ ನಾನೇ ಕರೆದು ಹೇಳ್ತೀನಿ, ಅಲ್ಲಿವರೆಗೆ ಬಾಯಿ ಬಿಡಬೇಡ," ಎಂದ ಡ್ವೇನ್. ಮಧ್ಯಾಹ್ನ ರೆಮಿ ಊಟಕ್ಕೆ ಬಂದ. ಆಲೂಗಡ್ಡೆ ತುಂಬಿದ ಪೆರೊಗಿ ಕಡುಬು ಹದಿನಾಲ್ಕು ತಿಂದ. ಇನ್ನೆರಡು ನಾನೇ ಬಡಿಸಿದೆ. ತಪ್ಪಾಗಿದ್ದ ಲೆಕ್ಕವೊಂದನ್ನು ತೋರಿಸಿದ. ಸಮಾಧಾನವಾಗಿ ತಿದ್ದಿಕೊಟ್ಟೆ.

"ಇವತ್ತೇನು ದೀದೋ, ಬೈತಾನೇ ಇಲ್ಲ ನೀವು?"

ಸಂಜೆ ಬಟ್ಟೆ ತುಂಬಿಕೊಳ್ಳುವಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಗೊತ್ತಿತ್ತಾ?" ನಾನು ಹೇಳಿದೆ: "ನಂಗೂ ಈಗ ತಾನೇ ಗೊತ್ತಾಯ್ತು ಮಗಾ."

ಒಂಬೈನೂರು ಕಿಲೋಮೀಟರ್ ಆಚೆ, ಬೇರೆ ಪ್ರಾಂತ್ಯ, ಬೇರೆ ಪಠ್ಯ. ಮುಕ್ಕಾಲು ಮುಗಿದ ಅವನ ಗಣಿತಕ್ಕೆ ಅಲ್ಲಿನ ಶಾಲೆಯಲ್ಲಿ ಬೆಲೆಯಿರಲಿಲ್ಲ. ತಮ್ಮ ಅದಲುಬದಲಿನ ಅರ್ಜಿಯನ್ನು ಆಮೇಲೆ ತರಿಸಿ ನೋಡಿದೆ. ಹನ್ನೊಂದು ಕಲಮುಗಳಿವೆ. ಎತ್ತರ ಎಷ್ಟು, ತೂಕ ಎಷ್ಟು, ಕೋಲು ಹಿಡಿಯುವುದು ಎಡಗೈಯೋ ಬಲಗೈಯೋ, ಎಲ್ಲ ಕೇಳಿದ್ದೀರಿ. ಎಷ್ಟನೆಯ ತರಗತಿ ಎಂದು ಕೇಳಿಲ್ಲ. ಮೊದಲು ವಿದ್ಯಾರ್ಥಿ ಎಂದರೆ ಇದೇನಾ ಸ್ವಾಮಿ? ದನದ ಸಂತೆಯಲ್ಲೂ ಹಸು ಗಬ್ಬವೋ ಅಲ್ಲವೋ ಎಂದು ಕೇಳಿಯೇ ಹಗ್ಗ ಹಿಡಿಯುತ್ತಾರೆ.

ಬಂದ ಅಗಲದ ಹುಡುಗ ಮೂರು ಗೋಲು ಹೊಡೆದ. ಅದರಲ್ಲಿ ಒಂದು, ಎದುರಾಳಿಗಳ ಗೋಲ್‌ಕೀಪರ್ ಜಾಗ ಖಾಲಿ ಮಾಡಿ ಹೋಗಿದ್ದಾಗ. ಸೆಮಿಫೈನಲಿನಲ್ಲಿ ಸೋತೆವು.

ಮಾರ್ಚ್ ಕೊನೆಯಲ್ಲಿ ರೆಮಿಯ ತಂದೆ ಆಲ್ಸೀಡ್ ನಮ್ಮ ಅಂಗಡಿಗೆ ಬಂದರು. ಹೆಗಲ ಮೇಲೆ ಹೆಪ್ಪುಗಟ್ಟಿದ ಮೀನಿನ ಚೀಲ.

"ನಿಮ್ಮನೆ ಊಟಕ್ಕೆ ಹುಡುಗ ಮೈ ತುಂಬ್ಕೊಂಡಿದ್ದ, ಅಮ್ಮಾವ್ರಿಗೆ ಕೊಡಿ. ಈಗ ಶಾಲೆ ಬಿಟ್ಟು ಬಂದು ನನ್ ಜೊತೆ ಬಲೆ ಎಳೀತಾನೆ. ನಿಮ್ಮೂರಲ್ಲಿ ತನ್ ಕಡೆಯೋರು ಅಂದ್ರೆ ದೀದೋ ಒಬ್ರೇ ಅಂತಿರ್ತಾನೆ."

ಆಗಲೂ ನಾನು ಬಾಯಿ ಬಿಡಲಿಲ್ಲ. ಚೀಲ ಇಳಿಸಿಕೊಂಡೆ. ಹದಿನೆಂಟು ಮೀನು. ಒಂದನ್ನೂ ಬೇಯಿಸಿಲ್ಲ. ಏಕೆಂದು ನನ್ನ ಹೆಂಡತಿ ಈಗ ಕೇಳುವುದನ್ನು ಬಿಟ್ಟಿದ್ದಾಳೆ.

ಆಯುಕ್ತರೇ, ಅದೇ ಗಣಿತ ಪರೀಕ್ಷೆ ಜೂನಿನಲ್ಲಿ ಮತ್ತೆ ನಡೆಯುತ್ತದೆ. ಜನವರಿಯ ಪರೀಕ್ಷೆ ತಪ್ಪಿದ್ದು ಹುಡುಗನ ತಪ್ಪಿನಿಂದಲ್ಲ, ತಂಡಗಳ ಅದಲುಬದಲಿನಿಂದ ಎಂದು ಲೀಗ್ ಬರೆದುಕೊಟ್ಟರೆ ಇಲ್ಲಿನ ಶಾಲೆ ಅವನನ್ನು ಕೂರಿಸಲು ಒಪ್ಪಿದೆ. ನಾನು ಬೇಡುತ್ತಿರುವ ಎರಡು ಸಾಲು ಅದು. ಅದನ್ನು ಶಾಲೆಗೆ ಕೊಡಲು ಕೊನೆಯ ದಿನ ಮೇ ಹದಿನೈದು. ಅದರ ಜೊತೆಗೆ ತಮ್ಮ ಅರ್ಜಿಯಲ್ಲಿ ಇನ್ನೆರಡು ಕಲಮು ಸೇರಿಸಿ: ಹುಡುಗನ ತರಗತಿ, ಕೈ ಎತ್ತಿದವರ ಹೆಸರು. ಆ ಹೆಸರಿನವರಲ್ಲೊಬ್ಬ ಹುಡುಗನ ಎದುರು ಕೂತು ತಾನೇ ಹೇಳಲಿ. ಊಟಕ್ಕೆ ಮುಂಚೆ.

ಈ ಪತ್ರಿಕೆ ಶುಕ್ರವಾರ ಸರೋವರದ ದಡಕ್ಕೂ ಹೋಗುತ್ತದೆ, ಆಲ್ಸೀಡ್ ಅದನ್ನು ಓದುತ್ತಾರೆ. ಗೊತ್ತಿದ್ದೇ ಕೊಟ್ಟಿದ್ದೇನೆ. ಮೀನು ವಾಪಸು ಬೇಕೆಂದರೆ ನಾನೇ ತಂದುಕೊಡುತ್ತೇನೆ. ಹುಡುಗ ಬರುವುದಾದರೆ ಅವನ ಪುಸ್ತಕ ಮೇಜಿನ ಮೇಲೆ ಬಿಟ್ಟುಹೋದ ಪುಟದಲ್ಲೇ ಇದೆ. ಬಾರದಿದ್ದರೆ ಅದನ್ನೂ ಚೀಲಕ್ಕೆ ಹಾಕಿ ತರುತ್ತೇನೆ.

ಇಂತಿ,
ಊಟ ಬಡಿಸಿ ಸುಮ್ಮನಿದ್ದವನು,
ಒರೆಸ್ಟ್ ಹವ್ರಿಲ್ಯುಕ್